ಬುಡದಲ್ಲಿ ಬೆಳೆದದ್ದು ತುದಿಯಲ್ಲಿ ಉಳಿಯಬೇಕಾದರೆ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಬಂದಿವೆ: ಗುಂಗುರು ಕೂದಲನ್ನು ಹಾಗೇ ಬಿಟ್ಟರೆ ಉದ್ದ ಬರುತ್ತದೆಯೋ, ಸ್ಟ್ರೈಟ್ ಮಾಡಿಸಿದರೆ ಬರುತ್ತದೆಯೋ? ಒಂದೇ ಬಗೆಯವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನದು ಗುಂಗುರು ಕೂದಲು. ಮೂರು ವರ್ಷದಿಂದ ಭುಜ ದಾಟಿಲ್ಲ. ತಂಗಿ ಸ್ಟ್ರೈಟ್ ಮಾಡಿಸಿಕೊಂಡಿದ್ದಾಳೆ, ಅವಳದು ಬೆನ್ನಿನ ನಡುವಿಗೆ ಬಂದಿದೆ. ಗುಂಗುರು ಕೂದಲು ಬೆಳೆಯುವುದೇ ನಿಧಾನವೇ?

ಉತ್ತರ: ನೆತ್ತಿಯ ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ., ವರ್ಷಕ್ಕೆ 12ರಿಂದ 15 ಸೆಂ.ಮೀ. ಬೆಳೆಯುತ್ತದೆ. ತೀರಾ ಬಿಗಿ ಸುರುಳಿಯದು ಇದಕ್ಕಿಂತ ತುಸು ನಿಧಾನ. ಆದರೆ ಸ್ಟ್ರೈಟ್ ಮಾಡಿಸಿದ ಮಾತ್ರಕ್ಕೆ ಯಾರ ಕೂದಲೂ ಬೇಗ ಬೆಳೆಯುವುದಿಲ್ಲ. ಬೆಳವಣಿಗೆ ನಡೆಯುವುದು ಚರ್ಮದೊಳಗಿನ ಬುಡದಲ್ಲಿ. ಕೂದಲು ನೇರ ಮಾಡುವ ಬಿಸಿ ಐರನ್ ಆಗಲಿ ಕ್ರೀಮ್ ಆಗಲಿ ಮುಟ್ಟುವುದು ಹೊರಗೆ ಬಂದುಬಿಟ್ಟ, ಜೀವವಿಲ್ಲದ ಎಳೆಯನ್ನು.

ನಿಮ್ಮಿಬ್ಬರ ವ್ಯತ್ಯಾಸದಲ್ಲಿ ಒಂದು ಪಾಲು ಬರೀ ನೋಟದ್ದು. ಗುಂಗುರು ಕೂದಲು ಒಣಗುತ್ತಿದ್ದಂತೆ ಮೇಲಕ್ಕೆ ಸೇದಿಕೊಳ್ಳುತ್ತದೆ. ಬಿಗಿ ಸುರುಳಿಯಲ್ಲಂತೂ ಅರ್ಧಕ್ಕಿಂತ ಹೆಚ್ಚು ಉದ್ದ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಕನ್ನಡಿ ನೋಡಿ ತೀರ್ಮಾನಕ್ಕೆ ಬರಬೇಡಿ, ಟೇಪಿನಲ್ಲಿ ಅಳೆಯಿರಿ. ನಾಲ್ಕು ಜಾಗ ಸಾಕು: ಹಣೆಯ ಮಧ್ಯ, ನಡುನೆತ್ತಿ, ಒಂದು ಕಿವಿಯ ಮೇಲೆ, ಕುತ್ತಿಗೆಯ ಹಿಂದೆ. ತಲೆ ತೊಳೆದು ಕೂದಲು ಒಣಗಿದ ಮೇಲೆ, ಪ್ರತಿ ಜಾಗದಲ್ಲೂ ಪೆನ್ಸಿಲ್ ದಪ್ಪದಷ್ಟು ಹಿಡಿದು, ಟೇಪಿನ ತುದಿಯನ್ನು ಚರ್ಮಕ್ಕೆ ಒತ್ತಿ, ಸುರುಳಿ ನೇರವಾಗುವಷ್ಟು ಮಾತ್ರ ಎಳೆದು ಬರೆದಿಟ್ಟುಕೊಳ್ಳಿ. ಮುಂದಿನ ಅಳತೆ ಮೂರು ತಿಂಗಳ ನಂತರ.

3 ಸೆಂ.ಮೀ. ಆಸುಪಾಸು ಹೆಚ್ಚಿದ್ದರೆ ನೀವು ಏನನ್ನೂ ಕಳೆದುಕೊಳ್ಳುತ್ತಿಲ್ಲ, ಕಾಯಬೇಕಷ್ಟೆ. 1 ಸೆಂ.ಮೀ. ಮಾತ್ರ ಹೆಚ್ಚಿದ್ದರೆ ಉಳಿದ 2 ಸೆಂ.ಮೀ. ತುದಿಯಲ್ಲಿ ತುಂಡಾಗಿ ಹೋಗಿದೆ ಎಂದರ್ಥ. ಮೂರು ಜಾಗ ಬೆಳೆದು ಒಂದೇ ಒಂದು ಹಿಂದೆ ಬಿದ್ದಿದ್ದರೆ ಕಾರಣ ಆ ಜಾಗದಲ್ಲೇ ಇರುತ್ತದೆ. ಕುತ್ತಿಗೆಯ ಹಿಂದಾದರೆ ಕಾಲರ್ ಮತ್ತು ದಿಂಬಿನ ಉಜ್ಜಾಟ, ಹಣೆಯಲ್ಲಾದರೆ ಬಿಗಿಯಾಗಿ ಎಳೆದು ಕಟ್ಟುವ ಅಭ್ಯಾಸ. ನಡುನೆತ್ತಿಯಲ್ಲಿ ಗಿಡ್ಡವಾಗಿ, ತೆಳುವಾಗುತ್ತಾ, ತುರಿಕೆಯೋ ಉರಿಯೋ ಇದ್ದರೆ ಎಣ್ಣೆ–ಶಾಂಪೂ ಬದಲಿಸುತ್ತಾ ಕೂರಬೇಡಿ, ಚರ್ಮರೋಗ ತಜ್ಞರಿಗೆ ತೋರಿಸಿ.

ಇನ್ನೊಂದು ಪರೀಕ್ಷೆಯನ್ನೂ ಜೊತೆಗೆ ಮಾಡಿ. ಬಾಚಣಿಗೆಗೆ ಬಂದ ಕೂದಲನ್ನು ಬೆಳಕಿನಲ್ಲಿ ಎಳೆ ಎಳೆಯಾಗಿ ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಅದು ಆಯುಸ್ಸು ಮುಗಿದು ಬುಡದಿಂದ ಉದುರಿದ್ದು. ದಿನಕ್ಕೆ 50ರಿಂದ 100 ಹೀಗೆ ಹೋಗುವುದು ಸಹಜ. ವಾರಕ್ಕೊಮ್ಮೆ ಬಾಚುವ ಗುಂಗುರು ಕೂದಲಿನವರಿಗೆ ವಾರದ್ದೆಲ್ಲ ಒಟ್ಟಿಗೇ ಕೈಗೆ ಬರುತ್ತದೆ, ಮುದ್ದೆ ನೋಡಿ ಗಾಬರಿಯಾಗಬೇಡಿ. ಗುಂಡಿಲ್ಲದ, 2–5 ಸೆಂ.ಮೀ. ತುಂಡುಗಳೇ ಹೆಚ್ಚಿದ್ದರೆ ಅದು ಮುರಿತ. ಉದುರುವುದಕ್ಕೂ ಮುರಿಯುವುದಕ್ಕೂ ಮದ್ದು ಬೇರೆ ಬೇರೆ. ಜ್ವರ, ಹೆರಿಗೆ, ರಕ್ತದಲ್ಲಿ ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ತೊಂದರೆ ಇವೆಲ್ಲ ಉದುರುವುದಕ್ಕೆ ಕಾರಣ. ಜ್ವರ ಮತ್ತು ಹೆರಿಗೆಯ ಪರಿಣಾಮ ಎರಡು–ಮೂರು ತಿಂಗಳು ತಡವಾಗಿ ಕಾಣುತ್ತದೆ. ಮುರಿತಕ್ಕೆ ಕಾರಣವನ್ನು ಬಾಚಣಿಗೆ, ಬಿಸಿ, ರಾಸಾಯನಿಕಗಳಲ್ಲಿ ಹುಡುಕಬೇಕು.

ಪ್ರಶ್ನೆ: ಎಂಟು ತಿಂಗಳ ಹಿಂದೆ ರೀಬಾಂಡಿಂಗ್ ಮಾಡಿಸಿದೆ. ಈಗ ಬುಡದಿಂದ ನಾಲ್ಕು ಬೆರಳು ಕೆಳಗೆ ಕೂದಲು ಪಟ್ಟೆಂದು ತುಂಡಾಗುತ್ತಿದೆ. ಪೂರ್ತಿ ಮತ್ತೊಮ್ಮೆ ಮಾಡಿಸಿ ಎನ್ನುತ್ತಾರೆ ಪಾರ್ಲರ್‌ನಲ್ಲಿ. ಪೂರ್ತಿ ಕತ್ತರಿಸಿಬಿಡು ಎನ್ನುತ್ತಾರೆ ಮನೆಯಲ್ಲಿ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದೂ ಬೇಡ. ನಾಲ್ಕು ಬೆರಳು ಎಂದರೆ 7–8 ಸೆಂ.ಮೀ., ಅಂದರೆ ಸರಿಯಾಗಿ ಎಂಟು ತಿಂಗಳ ಬೆಳವಣಿಗೆ. ಹೊಸ ಗುಂಗುರು ಕೂದಲೂ ಹಳೆಯ ನೇರ ಕೂದಲೂ ಕೂಡುವ ಗಡಿಯಲ್ಲೇ ನಿಮ್ಮದು ಮುರಿಯುತ್ತಿದೆ.

ಕೂದಲಿಗೆ ಆಕಾರವನ್ನೂ ಬಲವನ್ನೂ ಕೊಡುವುದು ಅದರ ಕೆರಟಿನ್ ಎಂಬ ಪ್ರೋಟೀನಿನಲ್ಲಿರುವ ಗಂಧಕದ ಬಂಧಗಳು. ರೀಬಾಂಡಿಂಗ್‌ನ ಮೊದಲ ಕ್ರೀಮಿನಲ್ಲಿ ಸಾಮಾನ್ಯವಾಗಿ ಅಮೋನಿಯಂ ಥಯೋಗ್ಲೈಕೊಲೇಟ್ ಇರುತ್ತದೆ. ಅದು ಈ ಬಂಧಗಳನ್ನು ಬಿಡಿಸುತ್ತದೆ. ಆಮೇಲೆ ಐರನ್ ಎಳೆದು ನೇರ ಮಾಡಿ, ಹೈಡ್ರೋಜನ್ ಪೆರಾಕ್ಸೈಡ್‌ನಂಥ ನ್ಯೂಟ್ರಲೈಸರ್ ಹಚ್ಚಿದಾಗ ಬಂಧಗಳು ಹೊಸ ಜಾಗದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ, ಆದರೆ ಎಲ್ಲವೂ ಅಲ್ಲ. ಹಾಗಾಗಿ ಕೆಳಗಿನ ಕೂದಲು ಶಾಶ್ವತವಾಗಿ ಬಲ ಕಳೆದುಕೊಂಡದ್ದು, ಮೇಲಿನದು ಗಟ್ಟಿ. ಎಳೆದಾಗ ಎರಡೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ; ಬಾಚಣಿಗೆಯ ಎಳೆತವೆಲ್ಲ ಗಡಿಗೆ ಬಂದು ಬೀಳುತ್ತದೆ. ಈಗ ಪೂರ್ತಿ ಮತ್ತೊಮ್ಮೆ ಮಾಡಿಸಿದರೆ ಬಲ ಕಳೆದುಕೊಂಡ ಭಾಗದ ಬಂಧಗಳನ್ನು ಎರಡನೇ ಸಲ ಬಿಡಿಸಿದಂತಾಗುತ್ತದೆ. ಉದ್ದ ಕಳೆದುಕೊಳ್ಳುವುದಕ್ಕೆ ಇದಕ್ಕಿಂತ ಖಚಿತವಾದ ದಾರಿ ಬೇರೆ ಇಲ್ಲ.

ಮೊದಲು ಹಳೆಯ ಭಾಗದ ಒಂದು ಎಳೆಯನ್ನು ನೀರಲ್ಲಿ ನೆನೆಸಿ ಎರಡೂ ಕೈಯಲ್ಲಿ ಮೆಲ್ಲಗೆ ಎಳೆಯಿರಿ. ತುಸು ಹಿಗ್ಗಿ, ಬಿಟ್ಟಾಗ ಹಿಂದಕ್ಕೆ ಬಂದರೆ ಇನ್ನೂ ತುಸು ಬಲ ಉಳಿದಿದೆ. ರಬ್ಬರಿನಂತೆ ಹಿಗ್ಗಿ ಹಾಗೇ ನಿಂತರೆ, ಇಲ್ಲವೇ ಹಿಗ್ಗದೆಯೇ ತುಂಡಾದರೆ, ಯಾವ ಕ್ರೀಮೂ ಬೇಡ.

ನೇರವಾಗಿಯೇ ಇಟ್ಟುಕೊಳ್ಳಬೇಕೆಂದಿದ್ದರೆ ಬುಡದ ಹೊಸ ಕೂದಲಿಗೆ ಮಾತ್ರ ಮಾಡಿಸಿ. ಇದನ್ನು ಟಚ್‌ಅಪ್ ಎನ್ನುತ್ತಾರೆ. ಹೊಸ ಕೂದಲು ಕನಿಷ್ಠ 5–6 ಸೆಂ.ಮೀ. ಇರಲೇಬೇಕು, ಕಡಿಮೆಯಿದ್ದರೆ ಕ್ರೀಮ್ ಹಳೆಯ ಭಾಗಕ್ಕೆ ಹರಿಯದಂತೆ ತಡೆಯುವುದು ಕಷ್ಟ. ಹಳೆಯ ಭಾಗಕ್ಕೆ ಮೊದಲೇ ಕಂಡಿಷನರ್ ಅಥವಾ ಪೆಟ್ರೋಲಿಯಂ ಜೆಲ್ಲಿಯನ್ನು ದಪ್ಪಗೆ ಬಳಿಸಿ. ಇದು ಹಚ್ಚುವ ಹೊತ್ತಿಗಿಂತ ತೊಳೆಯುವ ಹೊತ್ತಿಗೆ ಮುಖ್ಯ, ಏಕೆಂದರೆ ಕ್ರೀಮ್ ನೀರಿನ ಜೊತೆ ಉದ್ದಕ್ಕೂ ಇಳಿಯುವುದು ಆಗಲೇ. ನೆತ್ತಿಯ ಚರ್ಮದಿಂದ ಅರ್ಧ ಸೆಂ.ಮೀ. ಬಿಟ್ಟು ಹಚ್ಚಬೇಕು. ಹಿಂದಿನ ಕೂದಲಲ್ಲಿ ಇಪ್ಪತ್ತು–ಮೂವತ್ತು ಎಳೆ ಬೇರ್ಪಡಿಸಿ ಅದರ ಮೇಲೆ ಮೊದಲು ಪ್ರಯೋಗ ಮಾಡಿ ನೋಡಲು ಹೇಳಿ. ‘ಉದ್ದಕ್ಕೂ ಒಂದು ಕೈ ಎಳೆದುಬಿಡೋಣ, ಒಂದೇ ಸಮ ಕಾಣುತ್ತೆ’ ಎಂದರೆ ಕುರ್ಚಿಯಿಂದ ಎದ್ದು ಬನ್ನಿ.

ಹಿಂದೆ ಏನು ಹಚ್ಚಿದ್ದರೆಂದು ಬರೆದಿಟ್ಟುಕೊಳ್ಳುವುದೂ ಅಗತ್ಯ. ಕೂದಲು ನೇರ ಮಾಡಲೆಂದೇ ರಿಲ್ಯಾಕ್ಸರ್ ಎಂಬ ಹೆಸರಲ್ಲಿ ಮಾರುವ ಕೆಲವು ಕ್ರೀಮುಗಳಲ್ಲಿ ಥಯೋಗ್ಲೈಕೊಲೇಟ್ ಬದಲು ಸೋಡಿಯಂ ಹೈಡ್ರಾಕ್ಸೈಡ್ ಅಥವಾ ಗ್ವಾನಿಡಿನ್ ಹೈಡ್ರಾಕ್ಸೈಡ್ ಇರುತ್ತದೆ. ಇವು ಗಂಧಕದ ಬಂಧವನ್ನು ಮತ್ತೆ ಕೂಡದ ಹಾಗೆ ಬದಲಿಸಿಬಿಡುತ್ತವೆ. ಒಂದು ಬಗೆಯ ಕ್ರೀಮ್ ಕಂಡ ಕೂದಲಿನ ಮೇಲೆ ಇನ್ನೊಂದು ಬಗೆಯದನ್ನು ಹಚ್ಚಿದರೆ ತೊಳೆಯುವ ಬೇಸಿನ್‌ನಲ್ಲೇ ಕೂದಲು ಕಿತ್ತು ಬರಬಹುದು. ಹೈಡ್ರಾಕ್ಸೈಡ್ ಬಳಸಿದವರು ನ್ಯೂಟ್ರಲೈಸಿಂಗ್ ಶಾಂಪೂವಿನ ನೊರೆಯನ್ನು ಗಮನಿಸಬೇಕು. ಬಣ್ಣ ತೋರಿಸುವ ಶಾಂಪೂ ಆದರೆ ಕ್ರೀಮಿನ ಕ್ಷಾರ ಉಳಿದಿರುವ ತನಕ ನೊರೆ ಗುಲಾಬಿಯಾಗಿರುತ್ತದೆ, ಬೆಳ್ಳಗಾಗುವವರೆಗೂ ತೊಳೆಯುತ್ತಲೇ ಇರಬೇಕು. ಕಿವಿಯ ಹಿಂದೆ, ಕುತ್ತಿಗೆಯ ಮೇಲ್ಭಾಗದಲ್ಲಿ ಉಳಿದುಹೋಗುವುದು ಹೆಚ್ಚು. ವಾರಗಟ್ಟಲೆ ಆದ ಮೇಲೆ ಆ ಜಾಗದ ಕೂದಲು ಮಾತ್ರ ಪುಡಿಯಾದರೆ ಕಾರಣ ಇದೇ ಇರಬಹುದು.

ಗುಂಗುರನ್ನೇ ಮರಳಿ ಬೆಳೆಸುವ ಮನಸ್ಸಿದ್ದರೆ ಬೋಳಿಸುವ ಹಾಗೆ ಕತ್ತರಿಸಬೇಕಿಲ್ಲ. ಎರಡು ತಿಂಗಳಿಗೊಮ್ಮೆ ನೇರ ತುದಿಯಿಂದ 2 ಸೆಂ.ಮೀ. ತೆಗೆಯುತ್ತಾ ಬನ್ನಿ, ಬೆಳೆಯುವಷ್ಟೇ ಕತ್ತರಿಸುವುದರಿಂದ ಉದ್ದ ಇದ್ದಷ್ಟೇ ಇರುತ್ತದೆ, ಪಾಲು ಬದಲಾಗುತ್ತದೆ. ಸಿಕ್ಕು ಬಿಡಿಸುವಾಗ ಗಡಿಯ ಮೇಲ್ಗಡೆ ಬೆರಳಿಂದ ಬಿಗಿ ಹಿಡಿದು ಕೆಳಗೆ ಬಾಚಿ, ಎಳೆತ ಗಡಿಯವರೆಗೆ ಹೋಗಬಾರದು. ಒದ್ದೆಯಿರುವಾಗಲೇ ಸಡಿಲ ಜಡೆಗಳನ್ನು ಹೆಣೆದು ಒಣಗಿಸಿದರೆ ಎರಡು ಬಗೆಯೂ ಒಂದೇ ಅಲೆಯಾಗಿ ಕಾಣುತ್ತವೆ, ಐರನ್ ಬೇಕಾಗುವುದಿಲ್ಲ.

ಪ್ರಶ್ನೆ: ಅಂದಕ್ಕಿಂತ ಉದ್ದವೇ ನನಗೆ ಮುಖ್ಯ. ಗುಂಗುರನ್ನು ಹಾಗೇ ಬಿಡಲೋ, ನೇರ ಮಾಡಿಸಲೋ? ಒಂದೇ ಮಾತಲ್ಲಿ ಹೇಳಿ.

ಉತ್ತರ: ಗುಂಗುರನ್ನು ಹಾಗೇ ಬಿಡಿ, ಆದರೆ ಹಿಗ್ಗಿಸಿ ಇಟ್ಟುಕೊಳ್ಳಿ. ಒಂದೇ ಮಾತು ಸಾಲದು, ಕಾರಣವನ್ನೂ ಹೇಳಬೇಕು.

ಸೊಂಟ ಮುಟ್ಟುವ ಕೂದಲಿನ ತುದಿಗೆ ನಾಲ್ಕೈದು ವರ್ಷ ವಯಸ್ಸಾಗಿರುತ್ತದೆ. ಕೂದಲೆಳೆಯ ಹೊರಪದರ ಹೆಂಚು ಹೊದಿಸಿದ ಮಾಡಿನ ಹಾಗೆ ಒಂದರ ಮೇಲೊಂದು ಕೂತ ಪೊರೆಗಳದು. ಬುಡದ ಬಳಿ ಆರರಿಂದ ಹತ್ತು ಪದರ ಇರುವುದು ಸವೆಯುತ್ತಾ ತುದಿಗೆ ಬರುವಷ್ಟರಲ್ಲಿ ಕೆಲವೆಡೆ ಒಂದೂ ಉಳಿದಿರುವುದಿಲ್ಲ. ನೇರ ಕೂದಲಲ್ಲಿ ನೆತ್ತಿಯ ಜಿಡ್ಡು ತುದಿಯವರೆಗೆ ಸರಾಗವಾಗಿ ಇಳಿಯುತ್ತದೆ, ಸಿಕ್ಕು ಕಡಿಮೆ. ಗುಂಗುರಲ್ಲಿ ಜಿಡ್ಡು ತಿರುವುಗಳಲ್ಲೇ ನಿಂತುಬಿಡುತ್ತದೆ. ಪ್ರತಿ ತಿರುವೂ ಎಳೆ ಮುರಿಯಲು ಅನುಕೂಲದ ಜಾಗ. ಇಷ್ಟು ಕೇಳಿದರೆ ನೇರ ಮಾಡಿಸುವುದೇ ಮೇಲು ಅನ್ನಿಸುತ್ತದೆ, ಮೊದಲ ವರ್ಷ ಹಾಗೆಯೇ ಕಾಣುತ್ತದೆ ಕೂಡ. ಆದರೆ ಗುಂಗುರಿನ ದೌರ್ಬಲ್ಯವನ್ನು ಕಂಡಿಷನರ್‌ನಿಂದ, ಕೈಯ ತಾಳ್ಮೆಯಿಂದ ತುಂಬಿಕೊಡಬಹುದು. ಬಿಡಿಸಿದ ಬಂಧವನ್ನು ಮೊದಲಿನ ಬಲಕ್ಕೆ ತರುವ ಡಬ್ಬಿ ಯಾವುದೂ ಇಲ್ಲ. ಸರಿಯಾಗಿ ಟಚ್‌ಅಪ್ ಮಾತ್ರ ಮಾಡಿಸುತ್ತಾ ಬಂದವರಲ್ಲಿ ನೇರ ಕೂದಲೂ ಉದ್ದ ಬರುವುದುಂಟು. ಅಷ್ಟು ಶಿಸ್ತಿನ ಕೈ ಸಿಗುವುದು ಅಪರೂಪ, ಅಷ್ಟೆ.

ಹಿಗ್ಗಿಸುವುದು ಎಂದರೆ ಒದ್ದೆ ಕೂದಲನ್ನು 6–8 ಪಾಲು ಮಾಡಿ, ಲೀವ್-ಇನ್ ಕಂಡಿಷನರ್ (ತೊಳೆಯದೆ ಹಾಗೇ ಬಿಡುವಂಥದ್ದು) ಸವರಿ, ಎರಡೆಳೆಯ ಹೊಸೆತವನ್ನೋ ಮೂರೆಳೆಯ ಜಡೆಯನ್ನೋ ಹಾಕಿ ಪೂರ್ತಿ ಒಣಗಲು ಬಿಡುವುದು. ಬಿಚ್ಚಿದಾಗ ಸುರುಳಿ ದೊಡ್ಡದಾಗಿರುತ್ತದೆ, ಎಳೆಗಳು ಒಂದಕ್ಕೊಂದು ಸುತ್ತಿಕೊಳ್ಳುವುದು ಕಡಿಮೆ.

ಪ್ರಶ್ನೆ: ರಾಸಾಯನಿಕ ಬೇಡವೆಂದು ವಾರಕ್ಕೆರಡು ಸಲ ಫ್ಲ್ಯಾಟ್ ಐರನ್ ಮಾಡುತ್ತೇನೆ. ಈಚೆಗೆ ಮುಂದಿನ ಕೂದಲು ತೊಳೆದರೂ ಸುರುಳಿಯಾಗುತ್ತಿಲ್ಲ. ಏನು ಮಾಡಲಿ?

ಉತ್ತರ: ಆ ಭಾಗದ ಕೆರಟಿನ್ ಬೆಂದಿದೆ, ಸುರುಳಿ ಮರಳುವುದಿಲ್ಲ, ಬೆಳೆದಂತೆ ಕತ್ತರಿಸಬೇಕು. ಸಾಧಾರಣವಾಗಿ ಐರನ್ ಬದಲಿಸುವುದು ಕೂದಲಿನ ಹೈಡ್ರೋಜನ್ ಬಂಧಗಳನ್ನು ಮಾತ್ರ, ಅವು ನೀರು ತಾಗಿದೊಡನೆ ಮೊದಲಿನಂತಾಗುತ್ತವೆ. ಉಷ್ಣತೆ ಮಿತಿ ಮೀರಿದರೆ ಪ್ರೋಟೀನೇ ಕೆಡುತ್ತದೆ. ಒಣ ಕೂದಲಿಗೆ ಆ ಮಿತಿ 200 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದೆ, ಒದ್ದೆ ಕೂದಲಿಗೆ ಬಹಳ ಕೆಳಗೆ. ಅಲ್ಲದೆ ಎಳೆಯೊಳಗಿನ ನೀರು ಒಮ್ಮೆಗೇ ಆವಿಯಾದಾಗ ಒಳಗೆ ಗುಳ್ಳೆಗಳೇಳುತ್ತವೆ, ಕೂದಲು ಅಲ್ಲೇ ಮುರಿಯುತ್ತದೆ. ಐರನ್ ಇಟ್ಟಾಗ ಚುಯ್ಯೆಂದು ಸದ್ದು ಬಂದರೆ ಕೆಳಗಿಟ್ಟುಬಿಡಿ, ಕೂದಲು ಒಣಗಿಲ್ಲ.

ತೆಳು ಎಳೆ, ಬಣ್ಣ ಹಾಕಿದ ಅಥವಾ ರೀಬಾಂಡಿಂಗ್ ಆದ ಕೂದಲಿಗೆ 150ರಿಂದ 165 ಡಿಗ್ರಿ, ದಪ್ಪ ಗುಂಗುರಿಗೆ 180ರವರೆಗೆ ಸಾಕು. ಡಿಗ್ರಿ ತೋರಿಸದ, ಬರೀ ಕೆಂಪು ದೀಪದ ಐರನ್ ಬೇಡವೇ ಬೇಡ. ಒದ್ದೆ ಕೂದಲಿಗೆ ಬಿಸಿಯಿಂದ ಕಾಪಾಡುವ ಹೀಟ್ ಪ್ರೊಟೆಕ್ಟೆಂಟ್ ಹಚ್ಚಿ, ಪೂರ್ತಿ ಒಣಗಿಸಿ, 2–3 ಸೆಂ.ಮೀ. ಅಗಲದ ಪಾಲು ತೆಗೆದು ಒಮ್ಮೆ ನಿಧಾನವಾಗಿ ಎಳೆಯಿರಿ. ಮುಂದಿನ ಕೂದಲು ಮೊದಲು ಕೆಡುವುದು ಏಕೆಂದರೆ ಕನ್ನಡಿಯಲ್ಲಿ ಕಾಣುವುದು ಅದೇ, ನಾಲ್ಕೈದು ಸಲ ಕೈ ಹೋಗುತ್ತದೆ. ಉದ್ದ ಬೇಕೆನ್ನುವವರಿಗೆ ತಿಂಗಳಿಗೆ ಒಂದೆರಡು ಸಲಕ್ಕಿಂತ ಹೆಚ್ಚು ಬೇಡ. ಪ್ರೊಟೆಕ್ಟೆಂಟ್ ಹಾನಿಯನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ.

ಪ್ರಶ್ನೆ: ಒದ್ದೆ ಕೂದಲು ಬಾಚಬಾರದು ಎನ್ನುತ್ತಾರೆ ಅತ್ತೆ. ಒದ್ದೆಯಲ್ಲೇ ಬಾಚಿ ಎನ್ನುತ್ತಾರೆ ಪಾರ್ಲರ್‌ನವರು.

ಉತ್ತರ: ನೇರ ಕೂದಲಿಗೆ ನಿಮ್ಮ ಅತ್ತೆ ಹೇಳುವುದು ಸರಿ. ನೆನೆದ ಎಳೆ ಊದಿ ಮೆತ್ತಗಾಗಿ ಹೆಚ್ಚು ಹಿಗ್ಗುತ್ತದೆ, ಮುಕ್ಕಾಲು ಪಾಲು ಒಣಗಲಿ. ಗುಂಗುರು ಕೂದಲು ಒಣಗಿದಾಗ ಬಾಚಿದರೆ ಎಳೆಗಳು ಒಂದರಲ್ಲೊಂದು ಸಿಕ್ಕಿ ಮುರಿಯುತ್ತವೆ. ಅದನ್ನು ಕಂಡಿಷನರ್ ಜಾರುತ್ತಿರುವಾಗಲೇ, ಪಾಲು ಪಾಲು ಮಾಡಿ, ಮೊದಲು ಬೆರಳಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಬುಡದ ಕಡೆಗೆ ಬಿಡಿಸಬೇಕು. ಗುಂಗುರಿದ್ದು ರೀಬಾಂಡಿಂಗ್ ಆದ ಕೂದಲಿಗೆ ನೇರ ಕೂದಲಿನ ನಿಯಮವೇ, ಇನ್ನಷ್ಟು ಮೆಲ್ಲಗೆ. ಯಾವ ಕೂದಲಾದರೂ ತೊಳೆಯುವುದಕ್ಕೆ ಅರ್ಧ ಗಂಟೆ ಮುಂಚೆ ಉದ್ದಕ್ಕೂ ಒಂದೆರಡು ಚಮಚ ಕೊಬ್ಬರಿ ಎಣ್ಣೆ ಸವರಿದರೆ ನೆನೆದು ಊದುವುದು ಕಡಿಮೆಯಾಗುತ್ತದೆ. ಅದು ಎಳೆಯ ಒಳಕ್ಕೆ ಇಳಿಯುವ ಎಣ್ಣೆ. ಮಿನರಲ್ ಆಯಿಲ್ ಮೇಲೆಯೇ ನಿಲ್ಲುತ್ತದೆ.

ಪ್ರಶ್ನೆ: ‘ಕೆರಟಿನ್ ಟ್ರೀಟ್‌ಮೆಂಟ್‌ನಲ್ಲಿ ಕೆಮಿಕಲ್ ಇಲ್ಲ, ಕೂದಲಿಗೆ ಪೋಷಣೆ’ ಎಂಬುದು ನಿಜವೇ?

ಉತ್ತರ: ಅಲ್ಲ. ನೇರವಾಗಿಸುವ ಕೆಲಸ ಮಾಡುವುದು ಕೆರಟಿನ್ ಅಲ್ಲ. ಫಾರ್ಮಾಲ್ಡಿಹೈಡ್ ಅಥವಾ ಬಿಸಿಗೆ ಅದನ್ನು ಬಿಡುವ ವಸ್ತು, ಇಲ್ಲವೇ ಗ್ಲೈಆಕ್ಸಿಲಿಕ್ ಆಸಿಡ್. ಮೇಲೆ 200 ಡಿಗ್ರಿ ದಾಟಿದ ಐರನ್. ಡಬ್ಬಿಯ ಮೇಲೆ ‘ಮೆಥಿಲೀನ್ ಗ್ಲೈಕಾಲ್’ ಅಥವಾ ‘ಫಾರ್ಮಾಲಿನ್’ ಎಂದಿದ್ದರೂ ಅದು ಫಾರ್ಮಾಲ್ಡಿಹೈಡೇ. ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿದೆ. ಕಣ್ಣು ಉರಿದು ನೀರು ಬರುತ್ತಿದೆ, ಗಂಟಲು ಕೆರೆಯುತ್ತಿದೆ ಎಂದರೆ ಆ ಹೊಗೆಯೇ ಕಾರಣ, ನಿಲ್ಲಿಸಿ ಹೊರಗೆ ಬನ್ನಿ. ಗ್ಲೈಆಕ್ಸಿಲಿಕ್ ಆಸಿಡ್ ಸುರಕ್ಷಿತ ಬದಲಿ ಎಂದು ಮಾರುತ್ತಾರಾದರೂ, ಅದನ್ನು ಬಳಸಿದ ಬಳಿಕ ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಎರಡನ್ನೂ ದೂರವಿಡಿ.

ಪ್ರಶ್ನೆ: ಕೂದಲು ಮುರಿಯದಿರಲೆಂದು ಸಣ್ಣ ಸಣ್ಣ ಜಡೆ ಹೆಣೆಸಿ ಎರಡೂವರೆ ತಿಂಗಳಿಟ್ಟೆ. ಈಗ ಹಣೆಯ ಎರಡೂ ಬದಿಯಲ್ಲಿ ಕೂದಲು ಹಿಂದೆ ಸರಿದಂತೆ ಕಾಣುತ್ತದೆ.

ಉತ್ತರ: ಎಳೆತದಿಂದ ಬುಡ ಸೊರಗಿದೆ. ಮೊದಮೊದಲು ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ, ವರ್ಷಗಟ್ಟಲೆ ಮುಂದುವರಿದರೆ ಬುಡವೇ ಮುಚ್ಚಿಹೋಗಿ ಬಾರದೆ ಹೋಗುತ್ತದೆ. ಹೆಣೆದ ದಿನ ನೋವಿದ್ದರೆ, ಜಡೆಯ ಬುಡದಲ್ಲಿ ಸಣ್ಣ ಗುಳ್ಳೆ ಎದ್ದರೆ ಅಂದೇ ಬಿಚ್ಚಬೇಕು. ಆರರಿಂದ ಎಂಟು ವಾರ ಮಿತಿ. ಹಣೆಯಂಚಿನ ಎಳೆಗೂದಲನ್ನು ಜಡೆಗೆ ಸೇರಿಸದೆ ಬಿಡಿ, ಕೃತಕ ಕೂದಲಿನ ಭಾರ ಬೇಡ. ರಿಲ್ಯಾಕ್ಸರ್ ಹಚ್ಚಿದ ಕೂದಲಿಗೆ ಬಿಗಿ ಜಡೆ ಇನ್ನೂ ಕೆಟ್ಟದ್ದು. ಮೂರ್ನಾಲ್ಕು ತಿಂಗಳಲ್ಲಿ ಹೊಸ ಕೂದಲು ಮೂಡದಿದ್ದರೆ ತಜ್ಞರನ್ನು ಕಾಣಿ.

ಪ್ರಶ್ನೆ: ಬಯೋಟಿನ್ ಮಾತ್ರೆ ತಿಂದರೆ ಉದ್ದ ಬರುತ್ತದೆಯೇ?

ಉತ್ತರ: ಬಯೋಟಿನ್ ಕೊರತೆ ಇರುವವರಿಗೆ ಉಪಯೋಗ, ಅಂಥವರು ತೀರಾ ಕಡಿಮೆ. ತುಂಡಾಗುವ ತುದಿಗೆ ಯಾವ ಮಾತ್ರೆಯೂ ತಲುಪುವುದಿಲ್ಲ. ತೆಗೆದುಕೊಳ್ಳುತ್ತಿದ್ದರೆ ರಕ್ತಪರೀಕ್ಷೆಗೆ ಮುಂಚೆ ವೈದ್ಯರಿಗೆ ಹೇಳಿ. ಥೈರಾಯ್ಡ್ ಮತ್ತು ಹೃದಯಾಘಾತ ಪತ್ತೆಯ ಕೆಲವು ಪರೀಕ್ಷೆಗಳ ಅಂಕಿ ತಪ್ಪಾಗಬಹುದು.

ಪ್ರಶ್ನೆ: ತುದಿಯಲ್ಲಿ ಒಂಟಿ ಎಳೆಗೆ ಸಣ್ಣ ಗಂಟು ಬೀಳುತ್ತದೆ. ಕತ್ತರಿಸಿದರೆ ಉದ್ದ ಹೋಗುತ್ತದೆ, ಬಿಟ್ಟರೆ ಸಿಕ್ಕು. ಟ್ರಿಮ್ ಎಷ್ಟು ದಿನಕ್ಕೊಮ್ಮೆ?

ಉತ್ತರ: ಗಂಟು ಸುರುಳಿ ತನ್ನ ಮೇಲೇ ಸುತ್ತಿಕೊಂಡದ್ದು, ಗುಂಗುರಲ್ಲಿ ಪೂರ್ತಿ ತಪ್ಪಿಸಲಾಗದು. ಮೇಲೆ ಹೇಳಿದಂತೆ ಹಿಗ್ಗಿಸಿ ಇಟ್ಟುಕೊಂಡರೆ, ರಾತ್ರಿ ಸಡಿಲ ಜಡೆ ಹಾಕಿ ಸ್ಯಾಟಿನ್ ದಿಂಬುಹೊದಿಕೆಯ ಮೇಲೆ ಮಲಗಿದರೆ ಕಡಿಮೆಯಾಗುತ್ತದೆ. ಬಿದ್ದ ಗಂಟನ್ನು ಎಳೆದು ಕೀಳಬೇಡಿ, ಎಳೆ ಇನ್ನೂ ಮೇಲೆ ಸೀಳುತ್ತದೆ. ಗಂಟಿಗಿಂತ 3 ಮಿ.ಮೀ. ಮೇಲೆ ಅಡ್ಡಕ್ಕೆ ಕತ್ತರಿಸಿ.

ಟ್ರಿಮ್‌ನಿಂದ ಬುಡದ ವೇಗ ಹೆಚ್ಚುವುದಿಲ್ಲ. ಸೀಳು ಮೇಲಕ್ಕೆ ಹರಿಯುವುದು ನಿಲ್ಲುತ್ತದೆ, ಅಷ್ಟೇ ಲಾಭ. ನೇರ ಮಾಡಿಸಿದ ಕೂದಲಿಗೆ ಮೂರು ತಿಂಗಳಿಗೊಮ್ಮೆ 1 ಸೆಂ.ಮೀ. ಬೇಕಾಗುತ್ತದೆ. ಗುಂಗುರಿಗೆ ಕ್ಯಾಲೆಂಡರ್ ಬೇಡ. ತಿಂಗಳಿಗೊಮ್ಮೆ ಹಗಲ ಬೆಳಕಲ್ಲಿ ಸಣ್ಣ ಪಾಲನ್ನು ಬೆರಳಿಗೆ ಸುತ್ತಿ, ಹೊರಗೆ ಚಾಚಿಕೊಂಡ ಕವಲು ತುದಿ, ಬಿಳಿ ಚುಕ್ಕೆ, ಗಂಟುಗಳನ್ನು ಮಾತ್ರ ತೆಗೆಯಿರಿ. ಬಿಳಿ ಚುಕ್ಕೆ ಕಂಡರೆ ಅದು ಮುರಿಯಲು ಸಿದ್ಧವಾದ ಜಾಗ, ಅದರ ಮೇಲ್ಗಡೆಯೇ ಕತ್ತರಿಸಿ. ಕೂದಲಿಗೆಂದೇ ಇಟ್ಟ ಚೂಪು ಕತ್ತರಿ ಇರಲಿ. ಕಾಗದ ಕತ್ತರಿಸಿ ಮೊಂಡಾದದ್ದು ತುದಿಯನ್ನು ಜಜ್ಜುತ್ತದೆ, ಹದಿನೈದು ದಿನದಲ್ಲಿ ಅದೇ ಜಾಗದಲ್ಲಿ ಹೊಸ ಸೀಳು ಕಾಣುತ್ತದೆ.